ಉಗ್ರಾಣವೂ ಸಂತೆಯೂ

ನನ್ನ ತಪ್ಪೊಂದನ್ನು ಹೇಳಿಯೇ ಈ ಮಾತನ್ನು ಪ್ರಾರಂಭಿಸುತ್ತೇನೆ.

ನಮ್ಮ ಶಾಲೆಯಲ್ಲಿ ಹಳೆಯ ಗಣಕಯಂತ್ರಗಳು ಎಂಟು ಉಂಟು. ಅವುಗಳ ಉಸ್ತುವಾರಿ ಒಬ್ಬ ಕನ್ನಡ ಪಂಡಿತನ ಪಾಲಿಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಉಪಾಧ್ಯಾಯರ ಸಭೆಯಲ್ಲಿ "ಇವನ್ನು ಯಾರು ನೋಡಿಕೊಳ್ಳುತ್ತೀರಿ?" ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಉಳಿದವರೆಲ್ಲ ತಲೆ ತಗ್ಗಿಸಿದರು, ಕನ್ನಡಕ ಒರೆಸಿಕೊಳ್ಳುತ್ತಿದ್ದ ನಾನೊಬ್ಬ ತಲೆ ಎತ್ತಿದೆ. ಅಷ್ಟೇ. ನಮ್ಮಲ್ಲಿಯೇ ಓದಿ ಈಗ ಇಂಜಿನಿಯರಾಗಿರುವ ಹುಡುಗನೊಬ್ಬ ಬಂದು, ಆ ಯಂತ್ರಗಳಿಗೆಲ್ಲ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಕಾಸಿಲ್ಲದೆ ಹಾಕಿಕೊಟ್ಟ. ಹೊರಡುವಾಗ, "ಸಾರ್, ಏನು ಬೇಕಾದರೂ ಇದರ ಉಗ್ರಾಣದಿಂದಲೇ ತೆಗೆದುಕೊಳ್ಳಿ, ಹೊರಗಿನದು ಬೇಡ" ಎಂದು ಎರಡು ಸಲ ಹೇಳಿದ. ಪಾಠ ಹೇಳುವವರಿಗೆ ಪಾಠ ಕೇಳುವ ಅಭ್ಯಾಸ ಕಡಿಮೆ. ಶಾಲೆಯ ವಾರ್ಷಿಕ ಸಂಚಿಕೆಯ ಪುಟ ಜೋಡಿಸುವುದಕ್ಕೆ ಒಂದು ತಂತ್ರಾಂಶದ ಹೊಸ ಆವೃತ್ತಿ ಬೇಕಾಯಿತು. ಉಗ್ರಾಣದಲ್ಲಿ ಇದ್ದದ್ದು ಹಳೆಯದು. ಯಾರೋ ಒಬ್ಬರು ಸ್ವಂತಕ್ಕೆ ತೆರೆದಿಟ್ಟಿದ್ದ ಹೊರಗಿನ ಉಗ್ರಾಣವೊಂದರ ವಿಳಾಸವನ್ನು ನನ್ನ ಯಂತ್ರಕ್ಕೆ ಹೇಳಿಕೊಟ್ಟೆ. ಹೊಸದು ಬಂತು, ಸಂಚಿಕೆಯೂ ಚೆನ್ನಾಗಿಯೇ ಹೊರಬಂತು. ನಾನು ಆ ವಿಳಾಸವನ್ನು ಮರೆತೆ.

ಎರಡು ವರ್ಷದ ಮೇಲೆ, ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ ಸಂಜೆ, ಇಡೀ ವ್ಯವಸ್ಥೆಯನ್ನೇ ಹೊಸ ಆವೃತ್ತಿಗೆ ಏರಿಸುವ ಬುದ್ಧಿ ನನಗೆ ಬಂತು. ಯಂತ್ರ ಅರ್ಧ ದಾರಿಗೆ ಹೋಗಿ, ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು ಬರೆದು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಟ್ಟಿತು. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ಅದರ ಹೊಟ್ಟೆಯಲ್ಲಿತ್ತು. ಬೆಳಿಗ್ಗೆ ಎಂಟಕ್ಕೆ ಅದನ್ನು ಅಚ್ಚಿಗೆ ಕೊಡಬೇಕಾಗಿತ್ತು. ಹುಡುಗನಿಗೆ ಫೋನು ಮಾಡಿದೆ. ಪಾಪ, ರಾತ್ರಿ ಒಂಬತ್ತಕ್ಕೆ ಬಂದ. ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು, ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಪ್ರಶ್ನೆಪತ್ರಿಕೆಯನ್ನು ಹೊರಗೆ ತೆಗೆದುಕೊಟ್ಟ. ನನ್ನನ್ನು ಬಯ್ಯಲಿಲ್ಲ. "ಆ ಹೊರಗಿನ ಉಗ್ರಾಣದವರು ಅಂಗಡಿ ಮುಚ್ಚಿ ಒಂದು ವರ್ಷವಾಗಿದೆ ಸಾರ್. ಅವರು ಕೊಟ್ಟಿದ್ದ ತುಂಡುಗಳೂ ಈಗ ಬಂದ ಹೊಸ ತುಂಡುಗಳೂ ಒಂದಕ್ಕೊಂದು ಕೂಡುವುದಿಲ್ಲ" ಎಂದ.

ವ್ಯಾಕರಣದಲ್ಲಿ ಇದಕ್ಕೆ ಅರಿಸಮಾಸ ಎನ್ನುತ್ತೇವೆ. ಸಂಸ್ಕೃತದ ಪದಕ್ಕೂ ಕನ್ನಡದ ಪದಕ್ಕೂ ಕೂಡದ ಕಡೆ ಗಂಟು ಹಾಕಿದರೆ ಬರುವ ದೋಷ. ಯಂತ್ರಕ್ಕೂ ಅರಿಸಮಾಸ ಉಂಟೆಂದು ಆ ರಾತ್ರಿ ತಿಳಿಯಿತು. ಅಂದಿನಿಂದ ಈ ಉಗ್ರಾಣಗಳ ವಿಷಯ ತಿಳಿದುಕೊಳ್ಳಬೇಕೆಂಬ ಹಟವೂ ಹುಟ್ಟಿತು. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಬರೆದವರು ತಮ್ಮ ಬರಹದ ಮೂಲವನ್ನು ಮುಚ್ಚಿಡದೆ, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದೆಂದು ಬಿಟ್ಟುಕೊಟ್ಟ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಎಂದು ಹೆಸರು. ಇಂಥವನ್ನು ಲೋಕದ ನಾನಾ ಕಡೆ ನಾನಾ ಜನ ಬರೆಯುತ್ತಾರೆ. ಅವನ್ನೆಲ್ಲ ಕಲೆಹಾಕಿ, ಹದಮಾಡಿ, ಪೊಟ್ಟಣ ಕಟ್ಟಿ, ಒಂದು ಕಡೆ ಇಟ್ಟು, ಕೇಳಿದವರಿಗೆ ಕೊಡುವ ಜಾಗವೇ ಉಗ್ರಾಣ. ಪೊಟ್ಟಣಕ್ಕೆ ಅವರು ಪ್ಯಾಕೇಜು ಎನ್ನುತ್ತಾರೆ. ಒಂದು ಪ್ಯಾಕೇಜು ಇನ್ನು ಹತ್ತನ್ನು ಆಶ್ರಯಿಸಿರುತ್ತದೆ; ಹುಳಿ ಬೇಕೆಂದರೆ ಬೇಳೆ, ಹುಣಿಸೆ, ಮೆಣಸಿನಕಾಯಿ ಎಲ್ಲ ಬೇಕಾಗುವಂತೆ. ಉಗ್ರಾಣ ಚೆನ್ನಾಗಿದ್ದರೆ ನೀವು ಹುಳಿ ಎಂದರೆ ಸಾಕು, ಉಳಿದದ್ದನ್ನು ಅದೇ ಲೆಕ್ಕಹಾಕಿ ಕೊಡುತ್ತದೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿಯೂ ಇಂಥದೊಂದು ಅಂಗಡಿ ಇರುವುದರಿಂದ ಇದು ನಿಮಗೆ ಹೊಸದಲ್ಲ. ಆದರೆ ಲಿನಕ್ಸಿನ ಜನ ಈ ಏರ್ಪಾಡನ್ನು ಫೋನುಗಳಿಗಿಂತ ಬಹಳ ಮೊದಲೇ ಮಾಡಿಕೊಂಡಿದ್ದರು.

ಇಂಥ ಹಿರಿಯ ಉಗ್ರಾಣಗಳಲ್ಲಿ ಒಂದು ಡೆಬಿಯನ್. ಅದನ್ನು ೧೯೯೩ರ ಆಗಸ್ಟಿನಲ್ಲಿ ಪ್ರಾರಂಭಿಸಿದವರು ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ. ಆಗ ತಮಗೆ ಪ್ರಿಯಳಾಗಿದ್ದ ಡೆಬ್ರಾಳ ಹೆಸರಿನ ಮೊದಲ ತುಂಡಿಗೆ ತಮ್ಮ ಹೆಸರನ್ನು ಸೇರಿಸಿ ಡೆಬಿಯನ್ ಮಾಡಿದರು. ಇದು ಅರಿಸಮಾಸವಲ್ಲ, ಒಳ್ಳೆಯ ದ್ವಂದ್ವಸಮಾಸ. ೨೦೨೩ರಲ್ಲಿ ಹೊರಬಂದ ಅದರ ಹನ್ನೆರಡನೆಯ ಆವೃತ್ತಿಯಲ್ಲಿ ಅರವತ್ತನಾಲ್ಕು ಸಾವಿರಕ್ಕೂ ಮಿಕ್ಕಿದ ಪ್ಯಾಕೇಜುಗಳಿದ್ದವು.

ಇಲ್ಲಿ ಒಂದು ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಂಥ ಉಗ್ರಾಣಕ್ಕೆ 'ಅಧಿಕೃತ' ಎಂದು ಹೆಸರು. ಆ ಮಾತನ್ನು ಕೇಳಿದೊಡನೆ ನಮ್ಮ ಜನಕ್ಕೆ ಸರ್ಕಾರ, ಕಚೇರಿ, ಸಂಬಳ, ರಬ್ಬರು ಮೊಹರು ಇವೇ ನೆನಪಾಗುತ್ತವೆ. ಡೆಬಿಯನ್ನಿನ ಹಿಂದೆ ಸರ್ಕಾರವೂ ಇಲ್ಲ, ಒಡೆತನದ ಕಂಪನಿಯೂ ಇಲ್ಲ. ಸುಮಾರು ಸಾವಿರ ಮಂದಿ ಸ್ವಯಂಸೇವಕರು ಅದನ್ನು ನಡೆಸುತ್ತಾರೆ. ಹಾಗಾದರೆ ಅಧಿಕಾರ ಎಲ್ಲಿಂದ ಬಂತು? ನಮ್ಮ ಹಳೆಯ ಶಾಸ್ತ್ರಗಳಲ್ಲಿ ಅಧಿಕಾರಿ ಎಂದರೆ ಕುರ್ಚಿಯಲ್ಲಿ ಕುಳಿತವನಲ್ಲ, ಆ ವಿದ್ಯೆಗೆ ಯೋಗ್ಯತೆ ಪಡೆದವನು. ಡೆಬಿಯನ್ನಿನವರು ಆ ಹಳೆಯ ಅರ್ಥವನ್ನೇ ಉಳಿಸಿಕೊಂಡಿದ್ದಾರೆ. ಅಲ್ಲಿ ಸೇರಬಯಸುವವರ ಗುರುತಿಗೆ ಈಗಾಗಲೇ ಒಳಗಿರುವವರು ಸಾಕ್ಷಿಯಾಗಬೇಕು. ಆ ಬಳಿಕ ಅವರು ಸಂಸ್ಥೆಯ ತತ್ವಗಳನ್ನೂ ಪದ್ಧತಿಗಳನ್ನೂ ತಿಳಿದಿದ್ದಾರೆಂದು ಪರೀಕ್ಷೆಯಲ್ಲಿ ತೋರಿಸಬೇಕು, ಪೊಟ್ಟಣ ಕಟ್ಟುವ ಕೈಚಳಕವನ್ನೂ ತೋರಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಸೇರಿದ ಮೇಲೆ ಅವರಿಗೊಂದು ಮುದ್ರೆ ಇರುತ್ತದೆ. ಗಣಿತದಿಂದ ಮಾಡಿದ ಗುಪ್ತ ಮುದ್ರೆ. ಅದನ್ನು ಒತ್ತದೆ ಯಾವ ಪೊಟ್ಟಣವೂ ಒಳಗೆ ಹೋಗುವಂತಿಲ್ಲ. ಉಗ್ರಾಣದ ಪಟ್ಟಿಗೂ ಉಗ್ರಾಣದ್ದೇ ಮುದ್ರೆ. ಪೊಟ್ಟಣ ನಿಮ್ಮ ಮನೆಗೆ ಬರುವಾಗ ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ಬದಲಿಸಿದ್ದರೂ ಮುದ್ರೆ ಒಪ್ಪುವುದಿಲ್ಲ. ನಿಮ್ಮ ಯಂತ್ರ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಒಳಗೆ ಬಂದ ಪೊಟ್ಟಣವೂ ನೇರವಾಗಿ ಊಟದ ಎಲೆಗೆ ಬರುವುದಿಲ್ಲ. ಮೊದಲು 'ಅಸ್ಥಿರ' ಎಂಬ ಅಂಗಳದಲ್ಲಿ ಬೀಳುತ್ತದೆ. ಈ ಅಂಗಳಕ್ಕೆ ಸಿಡ್ ಎಂದು ಹೆಸರು. ಮಕ್ಕಳ ಚಲನಚಿತ್ರವೊಂದರಲ್ಲಿ ಆಟಿಕೆಗಳನ್ನು ಮುರಿದುಹಾಕುವ ತುಂಟ ಹುಡುಗನ ಹೆಸರದು. ಅಲ್ಲಿ ಕೆಲವು ದಿನ ಇದ್ದು, ದೊಡ್ಡ ದೋಷವೇನೂ ಕಾಣದಿದ್ದರೆ 'ಪರೀಕ್ಷೆ'ಯ ಅಂಗಳಕ್ಕೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ, ಹೊಸದಾಗಿ ಏನನ್ನೂ ಸೇರಿಸದೆ ತಿಂಗಳುಗಟ್ಟಲೆ ದೋಷಗಳನ್ನೇ ಆರಿಸಿ ತೆಗೆದು, ಆಮೇಲೆ ಎಲ್ಲವನ್ನೂ 'ಸ್ಥಿರ' ಎಂದು ಸಾರುತ್ತಾರೆ. ಸ್ಥಿರವಾದದ್ದರಲ್ಲಿ ರಕ್ಷಣೆಯ ತಿದ್ದುಪಡಿ ಬರುತ್ತದೆಯೇ ಹೊರತು ಹೊಸ ಆಭರಣ ಬರುವುದಿಲ್ಲ. ನನಗೆ ಪುಟ ಜೋಡಿಸುವ ಹೊಸ ತಂತ್ರಾಂಶ ಉಗ್ರಾಣದಲ್ಲಿ ಸಿಕ್ಕದೆ ಹೋದದ್ದೂ ಇಂಥ ಎಚ್ಚರಿಕೆಯಿಂದಲೇ. ಸೋಮಾರಿತನವೆಂದು ನಾನು ತಿಳಿದಿದ್ದೆ.

ಇನ್ನು ಸಂತೆಯ ಕಡೆಗೆ ಬರೋಣ. ಆರ್ಚ್ ಎಂಬ ಇನ್ನೊಂದು ಲಿನಕ್ಸ್ ಉಂಟು, ೨೦೦೨ರಲ್ಲಿ ಹುಟ್ಟಿದ್ದು. ಅದಕ್ಕೂ ಅಧಿಕೃತ ಉಗ್ರಾಣವಿದೆ. ಅದರ ಪಕ್ಕದಲ್ಲಿ ಬಳಕೆದಾರರದೇ ಒಂದು ಉಗ್ರಾಣ, ಎ.ಯು.ಆರ್. ಎಂದು ಮೂರಕ್ಷರದ ಹೆಸರು. ಇಲ್ಲಿ ಯೋಗ್ಯತೆಯ ಪರೀಕ್ಷೆ ಇಲ್ಲ, ಯಾರು ಬೇಕಾದರೂ ಹೆಸರು ಬರೆಸಿ ಬಂದು ಕೂರಬಹುದು. ಇಲ್ಲಿನ ವಿಶೇಷವೇನೆಂದರೆ, ಇದು ಅಡಿಗೆಯನ್ನು ಕೊಡುವುದಿಲ್ಲ, ಅಡಿಗೆ ಮಾಡುವ ವಿಧಾನವನ್ನು ಬರೆದ ಚೀಟಿಯನ್ನು ಕೊಡುತ್ತದೆ. ಮೂಲವನ್ನು ಇಂಥ ಕಡೆಯಿಂದ ತಾ, ಹೀಗೆ ಬಿಚ್ಚು, ಹೀಗೆ ಕಟ್ಟು ಎಂದು ಹತ್ತಿಪ್ಪತ್ತು ಸಾಲು. ಚೀಟಿಯನ್ನು ನಿಮ್ಮ ಯಂತ್ರವೇ ಓದಿ, ನಿಮ್ಮ ಮನೆಯಲ್ಲಿಯೇ ಅಡಿಗೆ ಮಾಡುತ್ತದೆ. ಆ ಚೀಟಿಯನ್ನು ನೀವು ಮೊದಲು ಓದಬೇಕು ಎಂಬುದು ನಿಯಮ. ಎಷ್ಟು ಜನ ಓದುತ್ತಾರೆ ಎಂದು ಕೇಳಬೇಡಿ. ಔಷಧದ ಸೀಸೆಯ ಒಳಗಿನ ಕಾಗದವನ್ನು ನಮ್ಮಲ್ಲಿ ಎಷ್ಟು ಜನ ಓದುತ್ತೇವೆ?

ಉಬುಂಟುವಿನ ಕ್ರಮ ಇವೆರಡರ ನಡುವಿನದು. ಒಂದು ಕೋಣೆಯನ್ನು ಕ್ಯಾನೊನಿಕಲ್ ಎಂಬ ಕಂಪನಿ ನೋಡಿಕೊಳ್ಳುತ್ತದೆ, ಪಕ್ಕದ ದೊಡ್ಡ ಕೋಣೆಯನ್ನು ಸಮುದಾಯ ನೋಡಿಕೊಳ್ಳುತ್ತದೆ. ಅದಲ್ಲದೆ ೨೦೦೭ರಿಂದ ಯಾರು ಬೇಕಾದರೂ ಸ್ವಂತ ಪುಟ್ಟ ಉಗ್ರಾಣ ತೆರೆಯುವ ಅನುಕೂಲವಿದೆ. ನಾನು ಮೋಸಹೋದದ್ದು ಇಂಥದೊಂದರಲ್ಲಿ. ಮೋಸ ಎಂದರೆ ತಪ್ಪಾದೀತು. ಆ ಅಪರಿಚಿತ ಮನುಷ್ಯ ನನಗೆ ಬಿಟ್ಟಿ ಉಪಕಾರ ಮಾಡಿದ್ದ. ಆಯಾಸವಾಯಿತೋ ಏನೋ, ನಿಲ್ಲಿಸಿದ.

ಈ ಆಯಾಸದ ಮಾತು ಮುಖ್ಯವಾದದ್ದು. ನೋಡಿಕೊಳ್ಳುವವರು ಕೈಬಿಟ್ಟ ಪ್ಯಾಕೇಜಿಗೆ ಅಲ್ಲಿನವರು 'ಅನಾಥ' ಎಂದೇ ಹೆಸರಿಟ್ಟಿದ್ದಾರೆ. ಮತ್ತೊಬ್ಬರು ಅದನ್ನು ವಹಿಸಿಕೊಂಡರೆ ಅದು 'ದತ್ತು'. ೨೦೧೮ರ ಜುಲೈಯಲ್ಲಿ ಎ.ಯು.ಆರ್.ನಲ್ಲಿ ಹೀಗೆ ಅನಾಥವಾಗಿದ್ದ ಚೀಟಿಯೊಂದನ್ನು, ಅಡೋಬಿ ಕಂಪನಿಯ ಕಡತ ಓದುವ ತಂತ್ರಾಂಶದ ಚೀಟಿಯನ್ನು, ಯಾರೋ ದತ್ತು ತೆಗೆದುಕೊಂಡರು. ತೆಗೆದುಕೊಂಡು, ಚೀಟಿಗೆ ಒಂದು ಸಾಲು ಸೇರಿಸಿದರು. ಆ ಸಾಲು ಬೇರೆಲ್ಲಿಂದಲೋ ಇನ್ನೊಂದು ಆಜ್ಞೆಯನ್ನು ತರಿಸಿ, ನಿಮ್ಮ ಯಂತ್ರದ ವಿವರಗಳನ್ನು ಗುಟ್ಟಾಗಿ ಕಲೆಹಾಕುವ ಏರ್ಪಾಡು ಮಾಡುತ್ತಿತ್ತು. ಚೀಟಿಯನ್ನು ಓದುವ ಅಭ್ಯಾಸವಿದ್ದವರ ಕಣ್ಣಿಗೆ ಅದು ಬಿತ್ತು, ಬೇಗನೆ ತೆಗೆದುಹಾಕಿದರು. ೨೦೨೫ರ ಜುಲೈ ೧೬ರಂದು ಮತ್ತೊಂದು ಪ್ರಸಂಗ. ಫೈರ್‌ಫಾಕ್ಸ್ ಮೊದಲಾದ ಮೂರು ಬ್ರೌಸರುಗಳಿಗೆ 'ತಿದ್ದಿದ ಪ್ರತಿ' ಎಂಬ ಸೋಗು ಹಾಕಿಕೊಂಡು ಮೂರು ಚೀಟಿಗಳು ಬಂದವು. ಅವುಗಳ ಹೊಟ್ಟೆಯಲ್ಲಿ ಇದ್ದದ್ದು ದೂರದಲ್ಲಿ ಕುಳಿತವನ ಕೈಗೆ ನಿಮ್ಮ ಯಂತ್ರದ ಲಗಾಮನ್ನು ಕೊಡುವ ಕಪಟ ತಂತ್ರ. ೧೮ರಂದು ತೆಗೆದುಹಾಕಿ ಎಲ್ಲರಿಗೂ ಎಚ್ಚರಿಕೆ ಕೊಟ್ಟರು. ಎರಡು ದಿನ. ಸಂತೆಯಲ್ಲಿ ಎರಡು ದಿನದಲ್ಲಿ ಎಷ್ಟು ಜನ ಓಡಾಡುತ್ತಾರೆ ಎಂಬುದನ್ನು ನೀವೇ ಊಹಿಸಿ.

"ಹಾಗಾದರೆ ಸಂತೆಗೆ ಹೋಗದಿದ್ದರಾಯಿತು" ಎಂದು ನಮ್ಮ ಗಣಿತದ ಮೇಷ್ಟರು ಈ ಕಥೆ ಕೇಳಿ ತೀರ್ಪು ಕೊಟ್ಟರು. ಗಣಿತದವರಿಗೆ ಎಲ್ಲವೂ ಬೇಗ ಇತ್ಯರ್ಥವಾಗುತ್ತದೆ. ನಾನು ಅವರಿಗೆ ಇನ್ನೆರಡು ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ.

ಮೊದಲನೆಯದು ಡೆಬಿಯನ್ನಿನದೇ. ಗುಪ್ತ ಮುದ್ರೆಗಳನ್ನು ತಯಾರಿಸುವ ಓಪನ್ ಎಸ್.ಎಸ್.ಎಲ್. ಎಂಬ ತಂತ್ರಾಂಶವೊಂದಿದೆ. ಒಂದು ಮುದ್ರೆಯಂತೆ ಇನ್ನೊಂದು ಆಗದಿರಲೆಂದು ಅದು ಸಿಕ್ಕಸಿಕ್ಕ ಕಡೆಯಿಂದ ಅಂಕಿಗಳನ್ನು ಆರಿಸಿ ಕಲಸುತ್ತದೆ. ಆ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದವರಿಗೆ, ತಪ್ಪು ಹುಡುಕುವ ಒಂದು ಸಲಕರಣೆ ಎರಡು ಸಾಲುಗಳ ಮೇಲೆ ಬೆರಳು ತೋರಿಸಿ ಆಕ್ಷೇಪಿಸಿತು. ಅವರು ಮೂಲಕರ್ತರ ಬಳಗದಲ್ಲಿ ವಿಚಾರಿಸಿಯೂ ಇದ್ದರು. ೨೦೦೬ರಲ್ಲಿ ಆ ಸಾಲುಗಳನ್ನು ತೆಗೆದುಬಿಟ್ಟರು. ಕಲಸುತ್ತಿದ್ದ ಕೈ ಆ ಸಾಲುಗಳಲ್ಲಿಯೇ ಇತ್ತು! ಅಂದಿನಿಂದ ಡೆಬಿಯನ್ನಿನಲ್ಲಿಯೂ, ಅದರಿಂದ ಪಡೆದ ಉಬುಂಟುವಿನಲ್ಲಿಯೂ, ಒಂದೊಂದು ಬಗೆಯ ಮುದ್ರೆಗೆ ಎಣಿಸಲಾಗದಷ್ಟು ಸಾಧ್ಯತೆಗಳ ಬದಲು ೩೨,೭೬೮ ಮಾತ್ರ ಉಳಿದವು. ಕಳ್ಳನಿಗೆ ಒಂದೊಂದಾಗಿ ಪ್ರಯತ್ನಿಸುವುದಕ್ಕೆ ಒಂದು ಮಧ್ಯಾಹ್ನದ ಕೆಲಸ. ೨೦೦೮ರ ಮೇ ೧೩ರಂದು ಇದು ಪ್ರಕಟವಾಯಿತು. ಕಂಡುಹಿಡಿದವರು ಲೂಚಿಯಾನೊ ಬೆಲ್ಲೊ ಎಂಬ ಡೆಬಿಯನ್ನಿನವರೇ. ಲೋಕದಲ್ಲೆಲ್ಲ ಜನ ತಮ್ಮ ಮುದ್ರೆಗಳನ್ನು ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಈ ಕಥೆಯನ್ನು ಓದಿದಾಗ ನನಗೆ ನಮ್ಮ ಓಲೆಗರಿಯ ಲಿಪಿಕಾರರೇ ಕಣ್ಣಿಗೆ ಕಟ್ಟಿದರು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರಿಗೆ ಗೊತ್ತು: ದಡ್ಡ ಲಿಪಿಕಾರ ಮಾಡಿದ ತಪ್ಪನ್ನು ಹಿಡಿಯಬಹುದು, ಜಾಣ ಲಿಪಿಕಾರ ಮಾಡಿದ ತಿದ್ದುಪಡಿಯನ್ನು ಹಿಡಿಯುವುದು ಕಷ್ಟ. ಅರ್ಥವಾಗದ ಪಾಠವನ್ನು ಅವನು ಅರ್ಥವಾಗುವಂತೆ ಸರಿಮಾಡಿರುತ್ತಾನೆ, ಛಂದಸ್ಸೂ ಕೆಟ್ಟಿರುವುದಿಲ್ಲ. ಕವಿಯ ಮಾತು ಹೋಗಿರುತ್ತದೆ. ಅಧಿಕೃತ ಉಗ್ರಾಣದವರು ಮೂಲವನ್ನು ತಂದು ಹಾಗೆಯೇ ಇಡುವುದಿಲ್ಲ, ತಮ್ಮ ಮನೆಗೆ ಒಗ್ಗುವಂತೆ ತಿದ್ದುತ್ತಾರೆ. ತಿದ್ದುವ ಅಧಿಕಾರವಿದ್ದಲ್ಲಿ ಈ ಅಪಾಯವೂ ಇದ್ದೇ ಇರುತ್ತದೆ. ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತಲ್ಲ, ಅದಕ್ಕೆ ಒಂದು ಕಾರಣ, ಅಧಿಕೃತವಾದದ್ದನ್ನು ಯಾರೂ ಮತ್ತೆ ಓದುವುದಿಲ್ಲ ಎಂಬುದು.

ಎರಡನೆಯ ಕಥೆ ೨೦೨೪ರದು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶ. ಸಣ್ಣದಾದರೂ ಎಲ್ಲ ಉಗ್ರಾಣಗಳಲ್ಲಿಯೂ ಇರುವಂಥದು. ಅದನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ. ಜಿಯಾ ಟಾನ್ ಎಂದು ಹೆಸರು ಹೇಳಿಕೊಂಡ ಒಬ್ಬ ಹೊಸಬ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಸಹಾಯ ಮಾಡಿದ, ದಣಿದವರ ನಂಬಿಕೆಯನ್ನು ಗಳಿಸಿದ, ಬೀಗದ ಕೈಯಲ್ಲಿ ಪಾಲು ಪಡೆದ. ೨೦೨೪ರ ಫೆಬ್ರವರಿ, ಮಾರ್ಚಿಯಲ್ಲಿ ಬಂದ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲನ್ನು ಇಟ್ಟ. ಎಲ್ಲರೂ ನೋಡುವ ಮೂಲದಲ್ಲಿ ಅದು ಪೂರ್ತಿಯಾಗಿ ಇರಲಿಲ್ಲ; ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಕೂಡಿಕೊಳ್ಳುವಂತೆ ಮಾಡಿದ್ದ. ಹಸ್ತಪ್ರತಿಯಲ್ಲಿ ಒಂದು, ಅಚ್ಚಿನ ಪ್ರತಿಯಲ್ಲಿ ಇನ್ನೊಂದು! ಗಂಟು ಡೆಬಿಯನ್ನಿನ ಸಿಡ್ ಅಂಗಳಕ್ಕೂ ಬಂತು, ಪರೀಕ್ಷೆಯ ಅಂಗಳಕ್ಕೂ ಹೋಯಿತು. ಮುದ್ರೆಗಳೆಲ್ಲ ಸರಿಯಾಗಿಯೇ ಇದ್ದವು.

ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಸಿಡ್ ಅನ್ನು ಹಾಕಿಕೊಂಡು ಬೇರೆ ಏನನ್ನೋ ಅಳೆಯುತ್ತಿದ್ದರು. ದೂರದ ಯಂತ್ರಕ್ಕೆ ಒಳಹೋಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು! ನನ್ನ ಯಂತ್ರ ಅರ್ಧ ಗಂಟೆ ತಡಮಾಡಿದರೂ ನಾನು ಕಾಫಿ ಕುಡಿದು ಬರುತ್ತೇನೆ. ಅವರು ಬಿಡದೆ ಕೆದಕಿದರು. ಮಾರ್ಚ್ ೨೯ರಂದು ಲೋಕಕ್ಕೆ ತಿಳಿಸಿದರು. ಡೆಬಿಯನ್ನಿನ 'ಸ್ಥಿರ' ಆವೃತ್ತಿಗೆ ಆ ವಿಷ ಇನ್ನೂ ಮುಟ್ಟಿರಲಿಲ್ಲ. ಉಗ್ರಾಣದ ನಿಧಾನ ಎಂದು ನಾನು ಗೊಣಗಿದ್ದೆನಲ್ಲ, ಆ ನಿಧಾನವೇ ಅಂದು ಲಕ್ಷಾಂತರ ಯಂತ್ರಗಳನ್ನು ಉಳಿಸಿತು. ಆದರೆ ಕಂಡುಹಿಡಿದದ್ದು ನಿಧಾನವಲ್ಲ, ಒಬ್ಬ ಮನುಷ್ಯನ ಅನುಮಾನ.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ನಿತ್ಯ ಬಳಸುವ ಯಂತ್ರಕ್ಕೆ, ಶಾಲೆಯ ಯಂತ್ರಕ್ಕೆ, ಮೊದಲು ಅಧಿಕೃತ ಉಗ್ರಾಣವನ್ನೇ ನೋಡಬೇಕು. ಅಲ್ಲಿ ಸಿಕ್ಕದೆ ಹೋದರೆ, ನಿಜವಾಗಿಯೂ ಬೇಕೆ ಎಂದು ಒಂದು ರಾತ್ರಿ ಮಲಗಿ ಎದ್ದು ಯೋಚಿಸಬೇಕು. ಬೇಕೇ ಬೇಕೆಂದಾದರೆ, ಎಲ್ಲಿಂದ ತಂದೆ ಎಂಬುದನ್ನು ಒಂದು ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿಟ್ಟುಕೊಳ್ಳಬೇಕು. ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವ ಮೊದಲು ಆ ಪುಸ್ತಕವನ್ನು ತೆಗೆದು ಹೊರಗಿನದನ್ನು ಹೊರಗೆ ಹಾಕಬೇಕು. ಪರೀಕ್ಷೆಯ ಹಿಂದಿನ ದಿನ ಏರಿಸಲೇಬಾರದು.

ಹಾಗೆಂದು ಸಂತೆಯನ್ನು ಹಳಿಯಲಾರೆ. ಉಗ್ರಾಣಕ್ಕೆ ಬರುವುದರಲ್ಲಿ ಎಷ್ಟೋ ಮೊದಲು ಸಂತೆಯಲ್ಲಿ ಇದ್ದದ್ದೇ. ಆರ್ಚ್‌ನಲ್ಲಿ ಚೀಟಿಗಳಿಗೆ ಬಳಕೆದಾರರು ಮತ ಕೊಡುತ್ತಾರೆ; ಹತ್ತು ಮತ ಬಿದ್ದು, ಅಧಿಕೃತ ಬಳಗದಲ್ಲಿ ಒಬ್ಬರು ವಹಿಸಿಕೊಳ್ಳಲು ಮುಂದೆ ಬಂದರೆ ಅದು ಉಗ್ರಾಣದೊಳಕ್ಕೆ ಹೋಗಬಹುದು. ನಮ್ಮ ಕನ್ನಡದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಡೆಬಿಯನ್ನಿನ ಅಧಿಕೃತ ಉಗ್ರಾಣದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಗಳ ಪ್ಯಾಕೇಜುಗಳಿವೆ. ಆ ಅರವತ್ತನಾಲ್ಕು ಸಾವಿರದ ನಡುವೆ ನಮ್ಮ ಗುಬ್ಬಿಯೂ ಕೂತಿರುವುದನ್ನು ಕಂಡ ದಿನ ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಅವು ತಾವಾಗಿ ಹಾರಿ ಬಂದು ಕೂತವಲ್ಲ. ಅಕ್ಷರ ಬರೆದವರು ಬೇರೆ, ಪೊಟ್ಟಣ ಕಟ್ಟಿ ಒಳಗೆ ಸೇರಿಸಿದವರು ಬೇರೆ, ಇಂದಿಗೂ ಕಾಯುತ್ತಿರುವವರು ಬೇರೆ. ಬಳಸುವವರು ಕಡಿಮೆ ಇರುವ ಭಾಷೆಯ ತಂತ್ರಾಂಶಕ್ಕೆ ಕಾಯುವವರು ಸಿಕ್ಕುವುದೂ ಕಡಿಮೆ.

ಪ್ರಶ್ನೆಪತ್ರಿಕೆಯನ್ನು ಉಳಿಸಿಕೊಟ್ಟ ಹುಡುಗನೂ ಎ.ಯು.ಆರ್.ನಲ್ಲಿ ಒಂದು ಚೀಟಿ ಬರೆದಿಟ್ಟಿದ್ದಾನೆ; ಹಳಗನ್ನಡ ಶಬ್ದಗಳನ್ನು ಹುಡುಕುವ ತನ್ನದೇ ಒಂದು ಪುಟ್ಟ ತಂತ್ರಾಂಶಕ್ಕೆ. ಆರು ಮತ ಬಿದ್ದಿವೆ. ಹೋದ ತಿಂಗಳು ಬಂದಿದ್ದ. ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಇನ್ನು ಎರಡು ವರ್ಷ ಇದನ್ನು ನೋಡಲು ಆಗುವುದಿಲ್ಲ ಎಂದ. "ಅನಾಥ ಎಂದು ಬಿಟ್ಟುಬಿಡಲೆ ಸಾರ್?" ಎಂದು ಕೇಳಿದ. ೨೦೧೮ರ ಕಥೆಯನ್ನು ನನಗೆ ಹೇಳಿದವನೇ ಅವನು. ನನಗೆ ಮಾತು ಹೊರಡಲಿಲ್ಲ. ಕೊನೆಗೆ, "ನನ್ನ ಹೆಸರಿಗೆ ಬರೆಯಪ್ಪ" ಎಂದೆ.

ಶಾಲೆಯ ಎಂಟು ಯಂತ್ರಗಳಲ್ಲಿ ಒಂದಕ್ಕೆ ಆರ್ಚ್ ಹಾಕಿಕೊಟ್ಟು ಹೋಗಿದ್ದಾನೆ. ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ತೆಗೆಸಿಕೊಂಡಿದ್ದೇನೆ. ಒಟ್ಟು ಮೂವತ್ತೆರಡು ಸಾಲು. ಕೆಂಪು ಮಸಿಯ ಲೇಖನಿ ಹಿಡಿದು, ದಿನಕ್ಕೆ ಒಂದೆರಡು ಸಾಲಿನಂತೆ ಟೀಕೆ ಬರೆಯುತ್ತ ಓದುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದನೆಯ ಸಾಲಿಗೆ ಬಂದಿದ್ದೇನೆ.